ಡೆಪ್ಯುಟಿ ಚನ್ನಬಸಪ್ಪನವರ ಕಾಯಕವೂ ಕಾಲವಿನಿಯೋಗವೂ

ಶ್ರೀಮಠದ ಮಹೋತ್ಸವದ ಸ್ಮಾರಕ ಸಂಪುಟದಲ್ಲಿ ಗುರುಪರಂಪರೆಯ ಚರಿತ್ರೆಗೂ ಶರಣರ ಚರಿತ್ರೆಗೂ ಅಗ್ರಸ್ಥಾನ ಸಲ್ಲುವುದು ಉಚಿತವೇ ಸರಿ. ಆದರೆ ಕಾವಿಯುಡದೆ, ಪೀಠವೇರದೆ, ಸರಕಾರದ ನೌಕರಿಯಲ್ಲಿದ್ದುಕೊಂಡೇ ಪಾಠಶಾಲೆಯನ್ನು ಮಠವೆಂದು ನಂಬಿ ದುಡಿದ ಮಹನೀಯರೊಬ್ಬರ ಚರಿತ್ರೆಯೂ ಇಂತಹ ಸಂಪುಟಕ್ಕೆ ಹೊರಗಿನದಲ್ಲ. ನಮ್ಮ ಹಿರಿಯರು ಊರ ಪಾಠಶಾಲೆಯನ್ನು ಮಠವೆಂದೇ ಕರೆಯುತ್ತಿದ್ದರು. ಐಗಳ ಮಠ, ಕೂಲಿಮಠ ಎಂಬ ಮಾತುಗಳು ಇನ್ನೂ ಮುದುಕರ ಬಾಯಲ್ಲಿ ಉಳಿದಿವೆ. ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸಿದವನು ಐಗಳು; ತಿದ್ದಿದ ಜಾಗ ಮಠ. ಆ ಹೆಸರಿನೊಳಗಿನ ಗೌರವವನ್ನು ಹೊಸ ಕಾಲದ ಶಾಲೆಗೆ ತಂದುಕೊಡಲು ಯತ್ನಿಸಿದವರಲ್ಲಿ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಮೊದಲಿಗರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಮುಖ್ಯೋಪಾಧ್ಯಾಯರೂ ಪ್ರಾಚಾರ್ಯರೂ ಈ ಸಂಪುಟವನ್ನು ಓದತಕ್ಕವರಾದುದರಿಂದ, ಅವರ ದಿನದಿನದ ಕಷ್ಟವಾದ ಕಾಲವಿನಿಯೋಗದ ಮೇಲೆ ಕಣ್ಣಿಟ್ಟು ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗುವುದು.

ಚನ್ನಬಸಪ್ಪನವರು 1834ರಲ್ಲಿ ಹುಟ್ಟಿದರು. ಆಗ ಕನ್ನಡ ನಾಡು ಒಂದೇ ಮನೆಯಾಗಿರಲಿಲ್ಲ. ನಮ್ಮ ಬಳ್ಳಾರಿ ಸೀಮೆಯನ್ನು 1800ರಲ್ಲಿ ನಿಜಾಮನು ಕುಂಪಣಿಗೆ ಬಿಟ್ಟುಕೊಟ್ಟುದರಿಂದ ಅದು ಮದರಾಸಿನ ಇಲಾಖೆಗೆ ಸೇರಿತ್ತು. 1818ರಲ್ಲಿ ಪೇಶವೆಯ ಆಳಿಕೆ ಮುಗಿದ ಬಳಿಕ ಧಾರವಾಡದ ಕಡೆಯ ಪ್ರಾಂತವು ಮುಂಬಯಿಯ ಇಲಾಖೆಗೆ ಸೇರಿತು. ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಈ ದಡದಲ್ಲಿ ನಿಂತವನು ಮದರಾಸಿನ ಪ್ರಜೆ, ಆ ದಡದಲ್ಲಿ ನಿಂತವನು ಮುಂಬಯಿಯ ಪ್ರಜೆ. ಹೊಳೆಯ ಎರಡೂ ಕಡೆ ಆಡುವ ಮಾತು ಒಂದೇ, ಪೂಜಿಸುವ ಲಿಂಗ ಒಂದೇ. ಓದುವ ಪುಸ್ತಕವೂ ಅರ್ಜಿ ಬರೆಯುವ ಕಚೇರಿಯೂ ಮಾತ್ರ ಬೇರೆ. ಇದು ಒಂದಾಗಲು 1953ರ ಮತ್ತು 1956ರ ಪ್ರಾಂತ ಮಾರ್ಪಾಡುಗಳ ತನಕ ಕಾಯಬೇಕಾಯಿತು. ಇತ್ತ 2021ರಲ್ಲಿ ಈ ಐದು ತಾಲೂಕುಗಳೂ ಹೊಸಪೇಟೆಯೊಡಗೂಡಿ ವಿಜಯನಗರ ಜಿಲ್ಲೆಯಾದುವು. ಹೊಳೆಯಾಚೆಯವರ ಚರಿತ್ರೆಯನ್ನು ನಮ್ಮವರ ಚರಿತ್ರೆಯೆಂದೇ ಓದುವ ಹಕ್ಕು ನಮಗೆ ಈಗ ಪೂರ್ಣವಾಗಿ ಬಂದಿದೆ.

ಧಾರವಾಡದಲ್ಲಿ ಮೊದಲಿನ ವಿದ್ಯಾಭ್ಯಾಸವನ್ನು ಮುಗಿಸಿಕೊಂಡ ಚನ್ನಬಸಪ್ಪನವರು ಇಂಗ್ಲಿಷ್ ವಿದ್ಯೆಯನ್ನು ಕಲಿಯಬೇಕೆಂದು ಪುಣೆಗೆ ಹೋದರು. ರೈಲು ಇನ್ನೂ ಈ ಕಡೆಗೆ ಬಾರದಿದ್ದ ಆ ಕಾಲದಲ್ಲಿ ಧಾರವಾಡದಿಂದ ಪುಣೆಗೆ ಹೋಗುವುದೆಂದರೆ ಕಾಶಿಯಾತ್ರೆಯಷ್ಟೇ ದೊಡ್ಡ ಮಾತು. ವ್ಯಾಪಾರ ಒಕ್ಕಲುತನಗಳಲ್ಲಿ ನೆಲೆಸಿದ್ದ ನಮ್ಮ ಸಮಾಜದಲ್ಲಿ ಇಂಗ್ಲಿಷ್ ಕಲಿಯುವುದಕ್ಕಾಗಿ ಅಷ್ಟು ದೂರ ಹೋದವರು ಬೆರಳೆಣಿಕೆಯವರು. ಅಲ್ಲಿ ಅವರು ಇಂಗ್ಲಿಷಿನೊಡನೆ ಮರಾಠಿಯ ಹೊಸ ಗದ್ಯವೂ ಹೊಸ ಪಠ್ಯಪುಸ್ತಕಗಳೂ ಬೆಳೆಯುತ್ತಿದ್ದುದನ್ನು ನೋಡಿದರು. ನೆರೆಮನೆಯಲ್ಲಿ ದೀಪ ಹಚ್ಚಿದ್ದನ್ನು ಕಂಡವನಿಗೆ ತನ್ನ ಮನೆಯ ಕತ್ತಲೆ ಹೆಚ್ಚಾಗಿ ತೋರುವುದಷ್ಟೆ. ತಮ್ಮ ಭಾಷೆಯಲ್ಲಿಯೂ ಅಂತಹುದೇ ಆಗಬೇಕೆಂಬ ಹಂಬಲವು ಅವರ ಮುಂದಿನ ಎಲ್ಲ ಕೆಲಸಗಳ ಬೇರಾಯಿತು.

1854ರಲ್ಲಿ ವಿಲಾಯಿತಿಯಿಂದ ವುಡ್ ಸಾಹೇಬರ ಹೆಸರಿನ ವಿದ್ಯಾಸಂಬಂಧದ ಆಜ್ಞೆಯು ಬಂದು, ಅದರಂತೆ ಇಲಾಖೆಗಳಲ್ಲಿ ವಿದ್ಯಾಖಾತೆಗಳು ಏರ್ಪಟ್ಟುವು. ಶಾಲೆಗಳ ಸಂಖ್ಯೆ ಹೆಚ್ಚತೊಡಗಿತು. ಶಾಲೆಯೇನೋ ಒಂದು ಹುಕುಮಿನಿಂದ ತೆರೆಯಬಹುದು. ಮಾಸ್ತರನು ಹುಕುಮಿನಿಂದ ಹುಟ್ಟುವುದಿಲ್ಲ. ಆದಕಾರಣ ಮಾಸ್ತರರನ್ನು ತಯಾರಿಸುವ ನಾರ್ಮಲ್ ಶಾಲೆಗಳು ಬೇಕಾದುವು. ಚನ್ನಬಸಪ್ಪನವರು ಇಂತಹ ಶಾಲೆಯ ಮುಖ್ಯಾಧ್ಯಾಪಕರಾಗಿ ಕೆಲಸ ಮಾಡಿ, ಬಳಿಕ ವಿದ್ಯಾಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಬೆಳಗಾವಿಯ ಕಡೆಯ ಶಾಲೆಗಳ ತನಿಖೆಗೆ ನಿಯಮಿತರಾದರು. ಜನರು ಪ್ರೀತಿಯಿಂದ ಆ ಹುದ್ದೆಯನ್ನೇ ಅವರ ಹೆಸರಿನ ಮುಂದೆ ಕಟ್ಟಿದರು. ಹುದ್ದೆ ಬದಲಾದರೂ ಹೆಸರು ಬದಲಾಗಲಿಲ್ಲ. ಇಂದಿಗೂ ಬರಿಯ ಚನ್ನಬಸಪ್ಪನೆಂದರೆ ತಿಳಿಯದವರು ಡೆಪ್ಯುಟಿ ಚನ್ನಬಸಪ್ಪನೆಂದರೆ ತಿಳಿಯುತ್ತಾರೆ.

ಆ ಹುದ್ದೆಯಲ್ಲಿ ಅವರ ಮುಂದೆ ನಿಂತ ಕಷ್ಟವು ಸಣ್ಣದಲ್ಲ. ಪೇಶವೆಯ ಕಾಲದಿಂದ ದಫ್ತರದ ಭಾಷೆ ಮರಾಠಿಯಾಗಿದ್ದುದರಿಂದ, ಕನ್ನಡವೇ ಮನೆಮಾತಾಗಿದ್ದ ಎಷ್ಟೋ ಊರುಗಳಲ್ಲಿ ಸರಕಾರದ ಶಾಲೆಯು ಮರಾಠಿಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಅವ್ವನ ಕೂಡ ಕನ್ನಡವಾಡಿ ಬಂದ ಹುಡುಗನು ಶಾಲೆಯಲ್ಲಿ ಅರ್ಥವಾಗದ ಮಾತನ್ನು ಬಾಯಿಪಾಠ ಮಾಡಿ ಮನೆಗೆ ಹೋಗುತ್ತಿದ್ದನು. ಚನ್ನಬಸಪ್ಪನವರಿಗೆ ಮರಾಠಿಯ ಮೇಲೆ ದ್ವೇಷವಿರಲು ಕಾರಣವಿರಲಿಲ್ಲ; ಆ ಭಾಷೆಯ ನೆಲದಲ್ಲಿಯೇ ಅವರು ವಿದ್ಯೆ ಪಡೆದವರು. ಮಗುವಿಗೆ ತಿಳಿಯುವ ಮಾತಿನಲ್ಲಿ ಮಗುವಿಗೆ ಪಾಠವಾಗಬೇಕೆಂಬುದೊಂದೇ ಅವರ ಪಕ್ಷ. ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಈ ಪಕ್ಷವನ್ನು ಒಪ್ಪಿ ಬೆಂಬಲವಾಗಿ ನಿಂತರು. ಹೀಗೆ ಮೇಲಿನವರನ್ನು ಒಪ್ಪಿಸಿ, ಕೆಳಗಿನವರನ್ನು ಕೂಡಿಸಿಕೊಂಡು, ಕನ್ನಡದ ಊರುಗಳಲ್ಲಿ ಕನ್ನಡ ಶಾಲೆಗಳು ನಡೆಯುವಂತೆ ಅವರು ಮಾಡಿದರು.

ಇಲ್ಲಿ ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಒಬ್ಬ ತನಿಖೆಗಾರನ ಪಾಲಿಗೆ ನೂರು ಶಾಲೆಗಳೆಂದೂ, ಮಳೆಗಾಲ, ಹಬ್ಬ, ಕಚೇರಿಯ ಬರವಣಿಗೆ ಇವುಗಳನ್ನು ಕಳೆದು ವರ್ಷದಲ್ಲಿ ತಿರುಗಾಟಕ್ಕೆ ಇನ್ನೂರು ದಿನಗಳು ಉಳಿಯುವುವೆಂದೂ ಇಟ್ಟುಕೊಳ್ಳೋಣ. ಒಂದೊಂದು ಶಾಲೆಗೆ ಅವನು ಕೊಡಬಹುದಾದುದು ವರ್ಷಕ್ಕೆ ಎರಡು ದಿನ. ಅದರಲ್ಲಿಯೂ ಕುದುರೆಯ ಮೇಲೋ ಚಕ್ಕಡಿಯಲ್ಲೋ ಊರಿಂದೂರಿಗೆ ಹೋಗುವ ಹೊತ್ತು ಕಳೆಯಬೇಕು. ಉಳಿದ ಮುನ್ನೂರಕ್ಕೂ ಮಿಕ್ಕ ದಿನಗಳಲ್ಲಿ ಆ ಶಾಲೆ ಹೇಗೆ ನಡೆಯುವುದೆಂಬುದು ತನಿಖೆಗಾರನ ಕೈಯಲ್ಲಿಲ್ಲ, ಅಲ್ಲಿಯ ಮಾಸ್ತರನ ಕೈಯಲ್ಲಿದೆ. ತಾನು ಎಷ್ಟು ಓಡಾಡಿದರೂ ಎಷ್ಟು ಗದರಿಸಿದರೂ ಈ ಲೆಕ್ಕ ಬದಲಾಗದು. ಈ ಲೆಕ್ಕವನ್ನು ತಿಳಿದವನಿಗೆ ಎರಡೇ ದಾರಿ. ದಿನವನ್ನು ಹಿಗ್ಗಿಸಲು ಹೋಗಿ ತಾನು ಸೋಲುವುದು ಒಂದು. ತಾನಿಲ್ಲದ ದಿನಗಳಲ್ಲಿಯೂ ಕೆಲಸ ನಡೆಯುವಂತೆ ಏರ್ಪಾಡು ಮಾಡುವುದು ಇನ್ನೊಂದು. ಚನ್ನಬಸಪ್ಪನವರ ಚರಿತ್ರೆಯು ಎರಡನೆಯ ದಾರಿಯ ಚರಿತ್ರೆ.

ಆ ಏರ್ಪಾಡಿನ ಮೊದಲನೆಯ ಅಂಗವು ಪುಸ್ತಕ. ಕನ್ನಡ ಶಾಲೆ ತೆರೆದರೆ ಸಾಲದು, ಅದರಲ್ಲಿ ಓದಲು ಕನ್ನಡ ಪಠ್ಯಪುಸ್ತಕ ಬೇಕು. ಅವೆಲ್ಲವನ್ನೂ ತಾವೊಬ್ಬರೇ ಬರೆಯುವೆನೆಂದು ಅವರು ಕುಳಿತುಕೊಳ್ಳಲಿಲ್ಲ. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ಸಮರ್ಥರು ಆ ಕಾಲದ ವಿದ್ಯಾಖಾತೆಯಲ್ಲಿಯೇ ಇದ್ದರು. ತುರಮರಿಯವರು ಮುಂದೆ ಬಾಣನ ಕಾದಂಬರಿಯನ್ನು ಕನ್ನಡಿಸಿದವರು. ಕಟ್ಟಿಯವರು 1893ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಭಾಗಕ್ಕೆ ಕನ್ನಡದಲ್ಲಿಯೇ ಗ್ಯಾಜೆಟಿಯರನ್ನು ಬರೆದವರು. ಇಂತಹವರಿಗೆ ಕೆಲಸವನ್ನು ಹಂಚಿ, ಹುರಿದುಂಬಿಸಿ, ಅವರ ಬರವಣಿಗೆಗೆ ಸರಕಾರದ ಮನ್ನಣೆಯು ದೊರೆಯುವಂತೆ ನೋಡಿಕೊಂಡುದೇ ಚನ್ನಬಸಪ್ಪನವರ ಹೆಚ್ಚಿನ ಕೆಲಸ. ಅವರ ಸಂಗಡಿಗರ ಜಾತಿಮತಗಳು ಬೇರೆಬೇರೆಯಾಗಿದ್ದುವು. ಕನ್ನಡದ ಕೆಲಸದಲ್ಲಿ ಆ ಭೇದವು ಅಡ್ಡ ಬರಲಿಲ್ಲ. ತಾನು ಮಾಡಬಲ್ಲ ಕೆಲಸವನ್ನು ಮತ್ತೊಬ್ಬನು ತನ್ನಷ್ಟೇ ಚೆನ್ನಾಗಿ ಮಾಡಬಲ್ಲನೆಂದು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು. ಅಧಿಕಾರದಲ್ಲಿದ್ದವನ ಕಾಲವು ಮುಕ್ಕಾಲು ಪಾಲು ಹಾಳಾಗುವುದು ಈ ಒಪ್ಪಿಗೆ ಇಲ್ಲದ್ದರಿಂದಲೇ.

ಎರಡನೆಯ ಅಂಗವು ಪತ್ರಿಕೆ. ಚನ್ನಬಸಪ್ಪನವರೂ ಅವರ ಸಂಗಡಿಗರೂ ನಡೆಯಿಸಿದ ಶಿಕ್ಷಕರ ಪತ್ರಿಕೆಗೆ ಮಠಪತ್ರಿಕೆಯೆಂದು ಹೆಸರಿಟ್ಟುದು ನಮ್ಮ ಸಂಪುಟದ ವಾಚಕರು ಹೆಮ್ಮೆಯಿಂದ ನೆನೆಯತಕ್ಕ ಮಾತು. ಮಠವೆಂದರೆ ಇಲ್ಲಿ ಊರ ಪಾಠಶಾಲೆ. ಒಂದು ಊರಿನ ಮಾಸ್ತರನಿಗೆ ಹೇಳಿದ ಬುದ್ಧಿಮಾತು ಆ ಊರಿನಲ್ಲಿಯೇ ಉಳಿಯುತ್ತದೆ; ಅದನ್ನೇ ಅಚ್ಚು ಹಾಕಿದರೆ ಟಪ್ಪಾಲಿನವನು ಅದನ್ನು ಎಲ್ಲ ಊರುಗಳಿಗೂ ಒಯ್ಯುತ್ತಾನೆ. ಸಂದೇಹವೊಂದು ಹತ್ತು ಶಾಲೆಗಳಿಂದ ಬಂದಾಗ ಹತ್ತು ಕಾಗದ ಬರೆಯುವ ಬದಲು ಒಂದು ಲೇಖನ ಬರೆದರೆ ಸಾಕು. ತನಿಖೆಗಾರನ ಕಾಲು ಹೋಗಲಾರದ ಕಡೆಗೆ ಹೀಗೆ ಅವನ ಮಾತು ಹೋಗುವಂತಾಯಿತು. ಈ ಪರಂಪರೆಯು ಮುಂದೆ ಶಾಲಾಪತ್ರಿಕೆಯೆಂದೂ ಜೀವನ ಶಿಕ್ಷಣವೆಂದೂ ಹೆಸರು ಪಡೆದು ಬೆಳೆಯಿತು.

ಮೂರನೆಯದೂ ಮುಖ್ಯವಾದುದೂ ಆದ ಅಂಗವು ಮಾಸ್ತರರ ತಯಾರಿ. ಚನ್ನಬಸಪ್ಪನವರು ತಮ್ಮ ಕೊನೆಯ ವರುಷಗಳನ್ನು ಧಾರವಾಡದ ಟ್ರೇನಿಂಗ್ ಕಾಲೇಜಿನ ಪ್ರಾಚಾರ್ಯರಾಗಿ ಕಳೆದರು. ಹೊರಗಿನಿಂದ ನೋಡುವವರಿಗೆ ಇದು ನೂರಾರು ಶಾಲೆಗಳ ಅಧಿಕಾರವನ್ನು ಬಿಟ್ಟು ಒಂದು ಶಾಲೆಯ ನಾಲ್ಕು ಗೋಡೆಯೊಳಗೆ ಬಂದಂತೆ ತೋರೀತು. ಮೇಲೆ ಮಾಡಿದ ಲೆಕ್ಕವನ್ನು ನೆನೆದವರಿಗೆ ಹಾಗೆ ತೋರದು. ಒಬ್ಬ ಮಾಸ್ತರನನ್ನು ಚೆನ್ನಾಗಿ ತಯಾರಿಸಿ ಕಳುಹಿದರೆ ಅವನು ತನ್ನ ಮೂವತ್ತು ವರುಷದ ನೌಕರಿಯಲ್ಲಿ ಸಾವಿರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವನು. ಬೀಜದ ಕಣಜವನ್ನು ಕಾಯುವವನು ಒಂದೇ ಕಣಜದ ಬಾಗಿಲಲ್ಲಿ ಕುಳಿತಿದ್ದರೂ ಬರುವ ವರುಷದ ಎಲ್ಲ ಹೊಲಗಳನ್ನೂ ಕಾಯುತ್ತಿರುವನು.

ಇಂತಹ ಕಾಲೇಜಿನ ಪ್ರಾಚಾರ್ಯರ ದಿನವು ಹೇಗಿರುವುದೆಂಬುದು ಆ ವೃತ್ತಿಯಲ್ಲಿರುವವರಿಗೆ ಹೇಳಬೇಕಾದುದಲ್ಲ. ಕಲಿಯಲು ಬಂದವರು ತಾವೇ ನಾಳೆಯ ಮಾಸ್ತರರಾದುದರಿಂದ ಅವರಿಗೆ ವಿಷಯವನ್ನೂ ಕಲಿಸಬೇಕು, ಕಲಿಸುವ ಬಗೆಯನ್ನೂ ಕಲಿಸಬೇಕು. ಅವರು ಮಕ್ಕಳ ಮುಂದೆ ನಿಂತು ಪಾಠ ಮಾಡುವಾಗ ಹಿಂದೆ ಕುಳಿತು ತಪ್ಪು ಒಪ್ಪುಗಳನ್ನು ನೋಡಬೇಕು. ಹಾಜರಿ, ವಿದ್ಯಾರ್ಥಿವೇತನ, ಪರೀಕ್ಷೆ, ಸರಕಾರಕ್ಕೆ ಕಳುಹಿಸುವ ವರದಿ ಇವು ತಪ್ಪುವುದಿಲ್ಲ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಮರುದಿನವೇ ಕೇಳುವವರಿದ್ದಾರೆ. ಹಿಂದೆ ಕುಳಿತು ಪಾಠ ನೋಡುವ ಕೆಲಸವೊಂದನ್ನು ಬಿಟ್ಟರೆ ಮಾತ್ರ ಕೇಳುವವರು ಯಾರೂ ಇಲ್ಲ. ಆದಕಾರಣವೇ ಎಲ್ಲ ಕಾಲದಲ್ಲಿಯೂ ಎಲ್ಲ ಶಾಲೆಗಳಲ್ಲಿಯೂ ಮೊದಲು ಬಿಟ್ಟುಹೋಗುವುದು ಆ ಕೆಲಸವೇ. ಅಲ್ಲಿಂದ ಹೊರಟ ಮಾಸ್ತರರು ಕನ್ನಡ ಶಾಲೆಗಳನ್ನು ಊರೂರಲ್ಲಿ ನಿಲ್ಲಿಸಿದರೆಂಬುದೇ ಧಾರವಾಡದ ಕಾಲೇಜಿನಲ್ಲಿ ಅದು ಬಿಟ್ಟುಹೋಗಿರಲಿಲ್ಲವೆಂಬುದಕ್ಕೆ ಸಾಕಾದ ಪ್ರಮಾಣ.

ಇಷ್ಟರ ನಡುವೆ ಚನ್ನಬಸಪ್ಪನವರು ತಮ್ಮ ಓದನ್ನೂ ಬರವಣಿಗೆಯನ್ನೂ ನಿಲ್ಲಿಸಲಿಲ್ಲವೆಂಬುದು ವಿಶೇಷ. ಓಲೆಗರಿಗಳಲ್ಲಿಯೂ ಕೈಬರಹದ ಹೊತ್ತಗೆಗಳಲ್ಲಿಯೂ ಉಳಿದಿದ್ದ ಹಳೆಯ ಕನ್ನಡ ಕೃತಿಗಳನ್ನು ಅವರು ತಿದ್ದಿ ಅಚ್ಚಿಗೆ ಕೊಟ್ಟರು. ಇಂಗ್ಲಿಷರ ಮಹಾಕವಿ ಶೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ರೂಪದಲ್ಲಿ ಒಂದೇ ಬಗೆಯಾದ ಅವಳಿ ಅಣ್ಣತಮ್ಮಂದಿರೂ ಅವಳಿ ಆಳುಗಳೂ ಒಂದೇ ಊರಿನಲ್ಲಿ ಸೇರಿ ಊರವರನ್ನೆಲ್ಲ ಗೊಂದಲಕ್ಕೆ ಕೆಡಹುವ ಕಥೆಯದು. ಕನ್ನಡಿಗರಿಗೆ ಆ ಕವಿಯ ಪರಿಚಯ ಮಾಡಿಕೊಟ್ಟ ಮೊದಮೊದಲಿನ ಪುಸ್ತಕಗಳಲ್ಲಿ ಅದೊಂದು. ಅರೆಹೊತ್ತು ಬಿಡುವು ದೊರೆತರೆ ಸಾಕೆಂದು ಬಾಯಿಬಿಡುತ್ತಿರುವ ಅಧಿಕಾರಿಯು ನಗಿಸುವ ಪುಸ್ತಕವನ್ನು ಬರೆಯುವುದು ಕಾಲದ ಅಪವ್ಯಯವೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ತಾನು ಕಲಿಯುವುದನ್ನು ನಿಲ್ಲಿಸಿದ ಅಧ್ಯಾಪಕನು ಎಣ್ಣೆ ತೀರಿದ ದೀಪ. ಬತ್ತಿಯನ್ನು ಎಷ್ಟು ಮೇಲೆತ್ತಿದರೂ ಹೊಗೆಯೇ ಹೊರತು ಬೆಳಕಿಲ್ಲ. ದಿನದಲ್ಲಿ ಒಂದಿಷ್ಟು ಹೊತ್ತನ್ನು ಪೂಜೆಗೆಂದು ಮೀಸಲಿಡುವ ನಮ್ಮವರಿಗೆ ಓದಿಗೆಂದು ಒಂದಿಷ್ಟು ಹೊತ್ತು ಮೀಸಲಿಡುವುದು ಹೊಸ ಮಾತಾಗಲಾರದು.

1881ರ ಜನವರಿಯಲ್ಲಿ ಚನ್ನಬಸಪ್ಪನವರು ಲಿಂಗೈಕ್ಯರಾದರು. ಆಗ ಅವರಿಗೆ ನಾಲ್ವತ್ತಾರು ವರುಷ. ಅಷ್ಟು ಕಡಿಮೆ ಆಯುಷ್ಯದಲ್ಲಿ ಅಷ್ಟೊಂದು ಕೆಲಸವೆಂದು ಬೆರಗುಪಡುವುದು ಸಹಜ. ಆದರೆ ಬೆರಗಿನೊಡನೆ ಒಂದು ವಿಚಾರವೂ ಹುಟ್ಟಬೇಕು. ಅವರು ಎಲ್ಲವನ್ನೂ ತಮ್ಮ ಕೈಯಲ್ಲಿಯೇ ಹಿಡಿದುಕೊಂಡಿದ್ದರೆ 1881ರಲ್ಲಿ ಅವರ ಕೂಡ ಅವರ ಕೆಲಸವೂ ನಿಲ್ಲಬೇಕಾಗಿತ್ತು. ಹಾಗಾಗಲಿಲ್ಲ. ಶಾಲೆಗಳು ನಡೆದುವು, ಮಾಸ್ತರರು ತಯಾರಾದರು, ಕಟ್ಟಿಯವರಂತಹ ಸಂಗಡಿಗರು ಬರೆಯುತ್ತಲೇ ಹೋದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟುವ ಹೊತ್ತಿಗೆ ಕನ್ನಡವನ್ನು ಓದಬಲ್ಲ ಬರೆಯಬಲ್ಲ ಒಂದು ತಲೆಮಾರು ಅಲ್ಲಿ ಸಿದ್ಧವಾಗಿತ್ತು. ಒಬ್ಬ ಮುಖ್ಯಸ್ಥನು ತನ್ನ ಕಾಲವನ್ನು ಚೆನ್ನಾಗಿ ವಿನಿಯೋಗಿಸಿದನೋ ಇಲ್ಲವೋ ಎಂಬುದನ್ನು ಅವನಿದ್ದಾಗಿನ ಗಡಿಬಿಡಿಯಿಂದ ಅಳೆಯಲಾಗದು; ಅವನು ಹೋದ ಮೇಲಿನ ನೆಲೆಯಿಂದ ಅಳೆಯಬೇಕು.

ಈಗ ನಮ್ಮ ಐದು ತಾಲೂಕುಗಳ ಕಡೆಗೆ ಬರೋಣ. ಇಲ್ಲಿಯ ಮುಖ್ಯೋಪಾಧ್ಯಾಯನ ಮೇಲಿನ ಹೊರೆ ಹಗುರವೆಂದು ಯಾರೂ ಹೇಳಲಾರರು. ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಅಕ್ಷರ ದಾಸೋಹದ ಅಕ್ಕಿ ಬೇಳೆಗಳ ಲೆಕ್ಕ, ಹಾಲಿನ ಲೆಕ್ಕ, ಹಾಜರಿಯ ಲೆಕ್ಕ. ಬಳಿಕ ಗಣಕಯಂತ್ರದಲ್ಲಿ ತುಂಬಬೇಕಾದ ಮಾಹಿತಿ, ಇಲಾಖೆಯ ಸಭೆ, ಕಟ್ಟಡದ ದುರಸ್ತಿ, ಸಮವಸ್ತ್ರಗಳ ಹಂಚಿಕೆ, ಊರ ಹಿರಿಯರ ಭೇಟಿ. ಕೂಡ್ಲಿಗಿ ಕೊಟ್ಟೂರುಗಳ ಕೆಂಪು ಮಸಾರಿ ನೆಲದಲ್ಲಿ ಮಳೆ ತಪ್ಪಿದ ವರುಷ ತಂದೆತಾಯಿಗಳು ದುಡಿಮೆಗೆ ಊರು ಬಿಟ್ಟರೆ ಮಕ್ಕಳೂ ಹೋಗುತ್ತಾರೆ; ಅವರನ್ನು ಮರಳಿ ತರಗತಿಗೆ ಕರೆತರುವುದೂ ಅವನದೇ ಕೆಲಸ. ಕೊಟ್ಟೂರಿನ ರಥೋತ್ಸವ, ಹಡಗಲಿ ಸೀಮೆಯ ಮೈಲಾರದ ಜಾತ್ರೆ, ಶೇಂಗಾ ಕೀಳುವ ಸುಗ್ಗಿ ಇವುಗಳ ದಿನಗಳಲ್ಲಿ ತರಗತಿಯು ಖಾಲಿಯಾಗುವುದು ಪ್ರತಿ ವರುಷದ ಮಾತು. ಪ್ರತಿ ವರುಷ ಬರುವುದನ್ನು ಆಕಸ್ಮಿಕವೆಂದು ಕರೆಯಲಾಗದು. ಊರ ಪಂಚಾಂಗವನ್ನು ಮುಂದಿಟ್ಟುಕೊಂಡು ಶಾಲೆಯ ಪಂಚಾಂಗವನ್ನು ಬರೆಯುವವನಿಗೆ ಅರ್ಧ ಗಾಬರಿ ಅಲ್ಲಿಯೇ ಕಳೆಯುತ್ತದೆ.

ಕಾಯಿದೆಯ ಲೆಕ್ಕವನ್ನೂ ನೋಡೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಗೆ ವರುಷಕ್ಕೆ 200 ದಿನ, 800 ಗಂಟೆ. ಆರರಿಂದ ಎಂಟನೆಯ ತರಗತಿಗೆ 220 ದಿನ, 1000 ಗಂಟೆ ಬೋಧನೆ ನಡೆಯಬೇಕು. ಅಧ್ಯಾಪಕನು ಪೂರ್ವತಯಾರಿಯೂ ಸೇರಿ ವಾರಕ್ಕೆ 45 ಗಂಟೆ ದುಡಿಯಬೇಕು. ವಾರಕ್ಕೆ ಆರು ದಿನವೆಂದರೆ ದಿನಕ್ಕೆ ಏಳೂವರೆ ಗಂಟೆ. ಅದರಲ್ಲಿ ಮೇಲಿನ ತರಗತಿಗಳಿಗೂ ಬೋಧನೆಯು ಸುಮಾರು ನಾಲ್ಕೂವರೆ ಗಂಟೆ. ಉಳಿಯುವುದು ಮೂರು ಗಂಟೆ. ಈ ಮೂರು ಗಂಟೆಯೇ ಮುಖ್ಯೋಪಾಧ್ಯಾಯನ ಹೊಲ. ಇದರಲ್ಲಿಯೇ ತಯಾರಿ, ಇದರಲ್ಲಿಯೇ ದಫ್ತರ, ಇದರಲ್ಲಿಯೇ ಸಹೋದ್ಯೋಗಿಗಳ ಪಾಠವನ್ನು ನೋಡುವುದು. ವಾರಕ್ಕೊಂದು ದಿನ ತಾಲೂಕಿನ ಸ್ಥಳಕ್ಕೆ ಸಭೆಗೆಂದು ಹೋದರೆ ಅವನ ದುಡಿಮೆಯ ಆರನೆಯ ಒಂದು ಪಾಲು ದಾರಿಯಲ್ಲಿಯೇ ಹೋಯಿತು. ಇನ್ನು ಅದೇ ಕಾಯಿದೆಯಂತೆ ಪ್ರಾಥಮಿಕದಲ್ಲಿ 150ಕ್ಕೂ, ಹಿರಿಯ ಪ್ರಾಥಮಿಕದಲ್ಲಿ 100ಕ್ಕೂ ಮಿಕ್ಕಿ ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯೋಪಾಧ್ಯಾಯನ ಮಾತು. ಸಣ್ಣ ಊರಿನಲ್ಲಿ ಇರುವ ಒಬ್ಬಿಬ್ಬರಲ್ಲಿ ಒಬ್ಬನೇ ತರಗತಿಯನ್ನೂ ದಫ್ತರವನ್ನೂ ಹೊರಬೇಕು.

ಚನ್ನಬಸಪ್ಪನವರ ದಾರಿ ಇಂತಹವನಿಗೆ ಏನು ಹೇಳುತ್ತದೆ? ಹಂಚಿಕೊಳ್ಳಲು ತುರಮರಿ ಕಟ್ಟಿಗಳು ನಮ್ಮ ಶಾಲೆಯಲ್ಲಿ ಎಲ್ಲಿದ್ದಾರೆಂದು ಅವನು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಉತ್ತರ ಕೊಡಬೇಕಾದವನು ಅವನೊಬ್ಬನೇ ಅಲ್ಲ. ಊರವರೂ ಭಕ್ತರೂ ಕೊಡಬೇಕು. 2001ರಿಂದ ಶಾಲೆಗಳಿಗೆ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ಅವುಗಳಲ್ಲಿ ಮಕ್ಕಳ ತಂದೆತಾಯಿಗಳೇ ಇರುತ್ತಾರೆ. ಅಡುಗೆಮನೆಯ ಉಗ್ರಾಣವನ್ನು ನೋಡಿಕೊಳ್ಳಲು, ಗೋಡೆಗೆ ಸುಣ್ಣ ಬಳಿಯಿಸಲು, ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ಬರಲು ಪದವಿಯ ಪತ್ರ ಬೇಡ, ಬಿಡುವಿನ ಒಂದು ಗಂಟೆ ಸಾಕು. ಜಾತ್ರೆಯಲ್ಲಿ ಸಾವಿರಾರು ಜನರ ಪ್ರಸಾದವನ್ನು ಯಾವ ವೇತನವೂ ಇಲ್ಲದೆ ಅಚ್ಚುಕಟ್ಟಾಗಿ ನಡೆಯಿಸಬಲ್ಲ ನಮ್ಮ ಜನಕ್ಕೆ ಎಂಬತ್ತು ಮಕ್ಕಳ ಊಟದ ಲೆಕ್ಕದಲ್ಲಿ ಮಾಸ್ತರನಿಗೆ ಕೈಗೂಡಿಸುವುದು ಆಗದ ಕೆಲಸವೇ? ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ದಾಸೋಹವೆಂಬ ನಮ್ಮ ಮಾತಿದೆ. ದಾಸೋಹವು ಕಾಯಕದಿಂದ ಹುಟ್ಟುವುದು. ಕಾಯಕವನ್ನು ಒಬ್ಬನ ತಲೆಗೆ ಕಟ್ಟಿ ದಾಸೋಹದ ಪುಣ್ಯವನ್ನು ಎಲ್ಲರೂ ಹಂಚಿಕೊಳ್ಳುವುದು ಶರಣಧರ್ಮವಾಗದು.

ಮುಖ್ಯಸ್ಥನು ಮಾಡತಕ್ಕುದೂ ಉಂಟು. ತಾನಲ್ಲದೆ ಮತ್ತಾರೂ ಮಾಡಲಾರದ ಕೆಲಸ ಯಾವುದೆಂದು ಅವನು ಪ್ರತಿ ಮುಂಜಾನೆ ಗುರುತಿಸಿಕೊಳ್ಳಲಿ. ಒಂದು ತರಗತಿಯ ಹಿಂದಿನ ಸಾಲಿನಲ್ಲಿ ಅರ್ಧ ಗಂಟೆ ಕುಳಿತು ಪಾಠ ನೋಡುವುದು ಅಂತಹ ಕೆಲಸ. ಅದಕ್ಕೆ ದಿನದ ಮೊದಲ ಹೊತ್ತನ್ನು ಕೊಟ್ಟರೆ ಉಳಿದುದು ತಾನಾಗಿ ಹಿಂದೆ ಸರಿಯುವುದು. ಕೊನೆಯ ಹೊತ್ತನ್ನು ಕೊಟ್ಟರೆ ಆ ಹೊತ್ತು ಬಾರದು. ಪದೇಪದೇ ಬರುವ ಕಾಗದಗಳಿಗೆ ಒಂದು ಮಾದರಿಯನ್ನು ಬರೆದಿಡಲಿ. ಒಮ್ಮೆ ಮಾಡಿದ ಕೆಲಸ ವರುಷವೆಲ್ಲ ದುಡಿಯಲಿ. ಕಿರಿಯ ಅಧ್ಯಾಪಕನಿಗೆ ಒಂದು ಹೊಣೆಯನ್ನು ಪೂರ್ಣವಾಗಿ ಒಪ್ಪಿಸಿ ಅವನ ತಪ್ಪನ್ನು ಸೈರಿಸಲಿ. ನಾಳೆ ಆ ಕುರ್ಚಿಯಲ್ಲಿ ಕೂಡುವವನು ಅವನೇ. ದಿನಕ್ಕೆ ಹತ್ತು ಪುಟ ಓದಲಿ. ಸಂಜೆಗೆ ದಫ್ತರದ ಕಪಾಟಿಗೆ ಬೀಗ ಹಾಕಿದಂತೆ ಮನಸ್ಸಿನ ದಫ್ತರಕ್ಕೂ ಬೀಗ ಹಾಕಿ ಮನೆಗೆ ಹೋಗಲಿ. ಆಯುಷ್ಯವು ಯಾರಿಗೂ ಬರೆದುಕೊಟ್ಟ ಇನಾಮಲ್ಲ.

ನಮ್ಮ ಮಠಗಳು ಈ ನಾಡಿನಲ್ಲಿ ಅನ್ನವನ್ನೂ ಅಕ್ಷರವನ್ನೂ ಕೊಟ್ಟು ಬಂದಿವೆ. ಮಠವು ಶಾಲೆಯನ್ನು ತೆರೆದರೆ ಅರ್ಧ ಕೆಲಸವಾಯಿತು. ಆ ಶಾಲೆಯ ಮುಖ್ಯಸ್ಥನಿಗೆ ಪಾಠ ನೋಡಲು ಹೊತ್ತು ಉಳಿಯುವಂತೆ ಮಾಡಿದರೆ ಉಳಿದರ್ಧ ಆಗುವುದು. ಪಾಠಶಾಲೆಗೆ ಮಠವೆಂದು ಹೆಸರಿಟ್ಟು ಪತ್ರಿಕೆ ನಡೆಯಿಸಿದ ಆ ಮಹನೀಯರ ಸ್ಮರಣೆಯು ಈ ಮಹೋತ್ಸವದಲ್ಲಿ ನಮಗೆ ಆ ಬುದ್ಧಿಯನ್ನು ಕೊಡಲಿ. ಹೊಳೆಯ ಎರಡೂ ದಡಗಳ ಶಾಲೆಗಳಲ್ಲಿ ಮಕ್ಕಳ ಓದು ಸಾಗಲಿ, ಗುರುಗಳ ಕಾಯಕವು ಫಲಿಸಲಿ ಎಂದು ಶ್ರೀ ಗುರುವಿನ ಚರಣಗಳಲ್ಲಿ ಬೇಡಿಕೊಳ್ಳುತ್ತೇವೆ. ಶುಭಂ.